ಮೈದಾನವಿಲ್ಲದೆ ಬಂದ ಆಟ

ಹೊರನಾಡಿನ ಕ್ರೀಡೆಯೊಂದು ಒಂದು ಊರಿಗೆ ಬಂದು ನೆಲೆನಿಂತ ವೃತ್ತಾಂತವನ್ನು ಬರೆಯಹೊರಟವನು ಸಾಮಾನ್ಯವಾಗಿ ದಂಡಿನ ಕವಾಯತು ಬಯಲಿನಿಂದಲೋ ಪಾದ್ರಿಗಳ ಪಾಠಶಾಲೆಯ ಅಂಗಳದಿಂದಲೋ ತನ್ನ ಕಥನವನ್ನು ಆರಂಭಿಸುವುದು ವಾಡಿಕೆ. ಬೆಂಗಳೂರಿಗೆ ಕಾಲ್ಚೆಂಡು, ಹಾಕಿ, ಕ್ರಿಕೆಟ್ಟು ಮೂರೂ ಬಂದದ್ದು ಹಾಗೆಯೇ. ದಂಡು ಪ್ರದೇಶದ ಸೈನಿಕರ ಆಟವನ್ನು ಊರಿನವರು ಮೊದಲು ನೋಡಿ, ಆಮೇಲೆ ಆಡಿ, ಕಡೆಗೆ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ಕಾಲ್ಚೆಂಡಿನ ರೋವರ್ಸ್ ಕಪ್ಪನ್ನೇ ಗೆದ್ದು ತರುವಷ್ಟರ ಮಟ್ಟಿಗೆ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಆದರೆ ಅಮೆರಿಕನ್ ಫುಟ್‌ಬಾಲ್ ಎಂಬ, ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆ ವಿಲಕ್ಷಣ ಕ್ರೀಡೆಯು ಈ ನಗರದ ದಕ್ಷಿಣ ಭಾಗಕ್ಕೆ ಕಾಲಿಟ್ಟ ಬಗೆ ಬೇರೆ. ಅದಕ್ಕೆ ದಂಡೂ ಇರಲಿಲ್ಲ, ಬಯಲೂ ಇರಲಿಲ್ಲ, ನೋಡಿ ಕಲಿಯಲು ಆಡುವವರೂ ಇರಲಿಲ್ಲ. ಅದು ಬಂದದ್ದು ಟಿವಿಗೆ ತಂತಿಯಿಂದ ಬಿಗಿದ ಪೆಟ್ಟಿಗೆಯೊಂದರೊಳಗೆ. ಆಟದ ಪ್ರತಿಬಿಂಬವೇ ಮೊದಲು ಬಂದಿತು. ಬಿಂಬವು ಇಂದಿಗೂ ಪೂರ್ತಿಯಾಗಿ ಬಂದಿಲ್ಲ.

ಸಿದ್ದಾಪುರವನ್ನು ನಾನು ಈ ಕಥೆಗೆ ಕೇಂದ್ರವಾಗಿ ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಲಾಲ್‌ಬಾಗಿನ ಅಂಚಿಗೆ ಅಂಟಿಕೊಂಡು, ಹೂಗಿಡಗಳ ನರ್ಸರಿಗಳಿಗೆ ಹೆಸರಾಗಿ, ಒಂದು ಪಕ್ಕದಲ್ಲಿ 1948ರಿಂದೀಚೆಗೆ ಬೆಳೆದ ಜಯನಗರದ ಒಂದನೆಯ ಬ್ಲಾಕನ್ನೂ ಇನ್ನೊಂದು ಪಕ್ಕದಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯನ್ನೂ ಇಟ್ಟುಕೊಂಡಿರುವ ಈ ಹಳೆಯ ಹಳ್ಳಿಯಲ್ಲಿ ಮಣ್ಣಿನ ಕೆಲಸ ಬಲ್ಲವರೂ, ಮಗನನ್ನು ಅಮೆರಿಕಕ್ಕೆ ಕಳುಹಿಸಿ ಪತ್ರಕ್ಕಾಗಿ ಕಾದ ನಿವೃತ್ತ ನೌಕರರೂ ಒಂದೇ ಅಂಗಡಿಯಲ್ಲಿ ಹಾಲು ಕೊಳ್ಳುವ ನೆರೆಹೊರೆಯವರು. ಪರದೇಶದ ಸಸ್ಯವನ್ನು ತರಿಸಿ ಇಲ್ಲಿಯ ಮಣ್ಣಿಗೆ ಒಗ್ಗಿಸುವ ವಿದ್ಯೆಯು ಹೈದರಾಲಿಯು 1760ರಲ್ಲಿ ತೋಟವನ್ನು ಹಾಕಿಸಿದಂದಿನಿಂದಲೂ ಈ ಪ್ರಾಂತದಲ್ಲಿ ರೂಢಿಯಲ್ಲಿದೆ. ಪರದೇಶದ ಆಟವೊಂದು ಮಣ್ಣಿನ ಗೊಡವೆಯೇ ಇಲ್ಲದೆ ಇಲ್ಲಿ ಬೇರು ಬಿಡಲು ಯತ್ನಿಸಿದ್ದು ಮಾತ್ರ ಹೊಸತು.

ಮೊದಲು ಆ ಆಟದ ಪೂರ್ವೋತ್ತರವನ್ನು ತುಸು ಹೇಳದಿದ್ದರೆ ಮುಂದಿನದು ತಿಳಿಯದು. ಇಂಗ್ಲೆಂಡಿನ ರಗ್ಬಿಯಿಂದ ಹುಟ್ಟಿದ ಈ ಕ್ರೀಡೆಗೆ ಈಗಿನ ಆಕಾರವನ್ನು ಕೊಟ್ಟವನು ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್. ಚೆಂಡಿಗಾಗಿ ಎಲ್ಲರೂ ಏಕಕಾಲಕ್ಕೆ ಕಚ್ಚಾಡುವ ರಗ್ಬಿಯ ಗೊಂದಲಕ್ಕೆ ಬದಲಾಗಿ, ಚೆಂಡು ಒಂದು ಪಕ್ಷದ ವಶದಲ್ಲಿದ್ದು ಒಂದು ಗೆರೆಯಿಂದ ಆಟವು ಹೊರಡಬೇಕೆಂಬ ನಿಯಮವು 1880ರಲ್ಲಿ ಬಂದಿತು. ಚೆಂಡನ್ನು ಹಿಡಿದ ಪಕ್ಷವು ಸುಮ್ಮನೆ ಕುಳಿತುಬಿಡಬಾರದೆಂದು 1882ರಲ್ಲಿ, ಮೂರು ಅವಕಾಶಗಳಲ್ಲಿ ಐದು ಗಜವಾದರೂ ಮುಂದೆ ಸಾಗತಕ್ಕದ್ದೆಂಬ ಷರತ್ತು ಸೇರಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿಯಾಯಿತು, ಐದು ಗಜವು ಹತ್ತಾಯಿತು. 1912ರಲ್ಲಿ ಅವಕಾಶಗಳು ನಾಲ್ಕಾದವು. ನಾಲ್ಕು ಡೌನು, ಹತ್ತು ಗಜ: ಆಟದ ಮೂಲಸೂತ್ರವು ಇಷ್ಟೇ. ಕಬಡ್ಡಿಯ ದಾಳಿಯಂತೆ ಪ್ರತಿಯೊಂದು ಪ್ರಯತ್ನಕ್ಕೂ ಸ್ಪಷ್ಟವಾದ ಆದಿಯುಂಟು, ಅಂತ್ಯವುಂಟು, ನಡುವೆ ಉಸಿರಾಡಿಕೊಳ್ಳುವ ಬಿಡುವುಂಟು. ನಿಂತು ನಿಂತು ಸಾಗುವ ಈ ಸ್ವಭಾವವೇ ಅದನ್ನು ಗಣಕಯಂತ್ರಕ್ಕೆ ಹೇಳಿಮಾಡಿಸಿದ ಆಟವನ್ನಾಗಿ ಮಾಡಿತೆಂದು ನನ್ನ ಅಭಿಪ್ರಾಯ. ಏಕೆಂದರೆ ಪ್ರತಿ ಬಿಡುವಿನಲ್ಲಿಯೂ ಯಂತ್ರವು ಆಟಗಾರನನ್ನು ‘ಮುಂದೇನು?’ ಎಂದು ಕೇಳಬಲ್ಲದು.

1978ರಲ್ಲಿ ಅಟಾರಿ ಸಂಸ್ಥೆಯು ಹೊರತಂದ ನಾಣ್ಯದ ಯಂತ್ರದಲ್ಲಿ ಆಟಗಾರರ ಆಕೃತಿಗಳೇ ಇರಲಿಲ್ಲ. ತರಬೇತಿದಾರರು ಕಪ್ಪುಹಲಗೆಯ ಮೇಲೆ ಬರೆಯುವ ಗುಣಾಕಾರ ಚಿಹ್ನೆಗಳೂ ಸೊನ್ನೆಗಳೂ ಬಿಳಿಯ ಗೆರೆಗಳ ನಡುವೆ ಓಡುತ್ತಿದ್ದವು, ಅವನ್ನು ಓಡಿಸಲು ಅಂಗೈಯಿಂದ ಒಂದು ಗುಂಡನ್ನು ರಭಸವಾಗಿ ಉರುಳಿಸಬೇಕಾಗಿತ್ತು. 1983ರಲ್ಲಿ ಜಪಾನಿನ ಐರೆಮ್ ಸಂಸ್ಥೆಯು ‘10-ಯಾರ್ಡ್ ಫೈಟ್’ ಎಂಬುದನ್ನು ಮಾಡಿತು. ಅದು ಮುಂದೆ ನಿಂಟೆಂಡೊ ಯಂತ್ರಕ್ಕೂ ಬಂದಿತು. ಆದರೆ ಈ ವಂಶದ ಮೂಲಪುರುಷನೆಂದು ಹೇಳಬೇಕಾದದ್ದು ಜಾನ್ ಮ್ಯಾಡನ್‌ನ ಹೆಸರಿನ ಆಟವನ್ನೇ. ಓಕ್‌ಲ್ಯಾಂಡ್ ರೈಡರ್ಸ್ ತಂಡವನ್ನು 1977ರ ಜನವರಿಯಲ್ಲಿ ಸೂಪರ್ ಬೌಲ್ ಗೆಲ್ಲಿಸಿದ ಈ ತರಬೇತಿದಾರನು ವಿಮಾನವೇರಲು ಒಲ್ಲದವನಾದುದರಿಂದ, ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥಾಪಕನಾದ ಟ್ರಿಪ್ ಹಾಕಿನ್ಸ್ 1984ರಲ್ಲಿ ಅವನೊಡನೆ ರೈಲಿನಲ್ಲಿ ಪ್ರಯಾಣಮಾಡುತ್ತಲೇ ಮಾತುಕತೆ ನಡೆಸಬೇಕಾಯಿತು. ಅಂದಿನ ಗಣಕಗಳ ಶಕ್ತಿಗೆ ಪಕ್ಷಕ್ಕೆ ಆರೇಳು ಮಂದಿಯನ್ನು ಓಡಿಸುವುದೇ ದುಸ್ಸಾಧ್ಯವೆಂದು ಹಾಕಿನ್ಸ್ ಅರಿಕೆಮಾಡಿಕೊಂಡರೆ, ಹನ್ನೊಂದು ಜನರಿಲ್ಲದುದು ಫುಟ್‌ಬಾಲೇ ಅಲ್ಲವೆಂದು ಮ್ಯಾಡನ್ ಹಟ ಹಿಡಿದ. ಆ ಹಟದ ದೆಸೆಯಿಂದ ಆಟವು 1988ರವರೆಗೆ ತಡವಾಯಿತು. ತಡವಾದುದರಿಂದಲೇ ಅದು ಆಟಿಕೆಯಾಗಿ ಉಳಿಯದೆ ಪಾಠಶಾಲೆಯಾಯಿತು. ಹನ್ನೊಂದು ಜನರ ನಿಯೋಜನೆಯನ್ನು ಯಥಾವತ್ತಾಗಿ ತೋರಿಸಿದ್ದರಿಂದಲ್ಲವೆ, ಆ ಆಟವನ್ನು ಕಣ್ಣಾರೆ ಕಾಣದ ಸಾವಿರಾರು ಮೈಲಿ ದೂರದ ಹುಡುಗನಿಗೂ ಅದರ ವ್ಯಾಕರಣ ತಿಳಿಯುವಂತಾದದ್ದು!

ನಮ್ಮ ಊರಿನ ಸಂಗತಿಗೆ ಬರೋಣ. 1990ರ ದಶಕದ ಬೆಂಗಳೂರಿನಲ್ಲಿ ವಿಡಿಯೋ ಗೇಮ್ ಎಂದರೆ ಎರಡು ಬಗೆ. ಒಂದು, ಜಪಾನಿನ ಯಂತ್ರದ ನಕಲಾಗಿ ಪೇಟೆಗೆ ಬಂದ, ‘ಕ್ಯಾಸೆಟ್’ ಎಂದೇ ಎಲ್ಲರೂ ಕರೆಯುತ್ತಿದ್ದ ಹಳದಿಯ ಅಚ್ಚನ್ನು ಅದುಮಿ ಆಡುವ ಮನೆಯ ಪೆಟ್ಟಿಗೆ. ಕ್ಯಾಸೆಟ್ಟಿನ ಮೇಲೆ ‘999 ಆಟಗಳು’ ಎಂದು ಅಚ್ಚಾಗಿದ್ದರೂ ಒಳಗಿರುತ್ತಿದ್ದುದು ಬೇರೆಬೇರೆ ಹೆಸರು ಹೊತ್ತ ಕೆಲವೇ ಆಟಗಳು. ಇನ್ನೊಂದು, ರೂಪಾಯಿ ಹಾಕಿ ಆಡುವ ಪಾರ್ಲರು. ಈ ಎರಡನೆಯದಕ್ಕೆ ಒಳ್ಳೆಯ ಹೆಸರಿರಲಿಲ್ಲ. ಅವುಗಳಲ್ಲಿ ಕೆಲವು ಆಟದ ನೆಪದಲ್ಲಿ ಜೂಜನ್ನು ನಡೆಸುತ್ತಿದ್ದುವೆಂಬ ಆಕ್ಷೇಪದಿಂದ ಪೊಲೀಸರು ಲೈಸೆನ್ಸಿನ ಕಟ್ಟುಪಾಡನ್ನು ಹೇರಿದರು, ಅಂಗಡಿಯವರು ಅದನ್ನು ಪ್ರಶ್ನಿಸಿದರು, ಎಂ. ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಣ ಈ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ವಿಡಿಯೋ ಗೇಮುಗಳನ್ನು ಸರ್ಕಾರವು ನಿಯಂತ್ರಿಸಬಹುದೆಂಬ ತೀರ್ಪು 1995ರಲ್ಲಿ ಹೊರಬಿದ್ದಿತು. ಹೀಗೆ ಪಾರ್ಲರೆಂದರೆ ಹುಬ್ಬುಗಂಟಿಕ್ಕುತ್ತಿದ್ದ ಗೃಹಸ್ಥರು, ಆಡುವುದಾದರೆ ಮನೆಯಲ್ಲೇ ಆಡಲಿ ಎಂದು ಮಕ್ಕಳಿಗೆ ಪೆಟ್ಟಿಗೆ ಕೊಡಿಸಿದ್ದು ಸಹಜವೇ ಆಗಿದೆ.

ಅಮೆರಿಕನ್ ಫುಟ್‌ಬಾಲ್ ಮಾತ್ರ ಈ ಎರಡು ದಾರಿಗಿಂತಲೂ ಹೆಚ್ಚಾಗಿ ಮೂರನೆಯ ದಾರಿಯಲ್ಲಿ ಬಂದಿತು: ಸೂಟ್‌ಕೇಸಿನಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆಂದು ನ್ಯೂಜೆರ್ಸಿಗೋ ಟೆಕ್ಸಾಸಿಗೋ ಹೋದ ಸೋದರಮಾವನು ಬೇಸಗೆಯ ರಜೆಗೆ ಬರುವಾಗ, ತನ್ನ ಮಕ್ಕಳು ಆಡಿ ಬಿಟ್ಟ ಯಂತ್ರವನ್ನು ಅಕ್ಕನ ಮಕ್ಕಳಿಗೆ ತಂದುಕೊಡುತ್ತಿದ್ದ. ಆ ಯಂತ್ರವನ್ನು ಚಾಲೂ ಮಾಡುವುದೇ ಒಂದು ಪ್ರಕರಣ. ಅದು 110 ವೋಲ್ಟಿನದು. ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಹರಿಯುವುದು ಅದರ ಇಮ್ಮಡಿ. ನೇರವಾಗಿ ಸಿಕ್ಕಿಸಿದವರ ಯಂತ್ರವು ಒಂದು ಸಣ್ಣ ಶಬ್ದದೊಡನೆ ಅಸುನೀಗುತ್ತಿತ್ತು. ಎಸ್.ಪಿ. ರಸ್ತೆಯಿಂದ ಇಟ್ಟಿಗೆಯಷ್ಟು ತೂಕದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು ತಂದ ಜಾಣರಿಗೂ ಎರಡನೆಯ ವಿಘ್ನವೊಂದು ಕಾದಿರುತ್ತಿತ್ತು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಚಿತ್ರವನ್ನು ನಮ್ಮ ಪಾಲ್ ಪದ್ಧತಿಯ ಹಳೆಯ ಟಿವಿಗಳು ಬಹುಮಟ್ಟಿಗೆ ಕಪ್ಪುಬಿಳುಪಿನಲ್ಲಿಯೇ ತೋರಿಸುತ್ತಿದ್ದವು. ಕೆಂಪು ಅಂಗಿಯವರೂ ನೀಲಿ ಅಂಗಿಯವರೂ ಒಂದೇ ಬೂದಿಬಣ್ಣವಾದಾಗ ತನ್ನವರಾರು ಪರರಾರು ಎಂಬುದನ್ನು ಬಣ್ಣದಿಂದಲ್ಲದೆ ನಿಂತ ಸ್ಥಾನದಿಂದಲೇ ಗುರುತಿಸಬೇಕಾಗಿತ್ತು. ಇದು ಅವರ ಪಾಲಿಗೆ ಉಪಕಾರವೇ ಆಯಿತೆಂದರೆ ವಿನೋದವಲ್ಲ. ಈ ಆಟದಲ್ಲಿ ವ್ಯೂಹವನ್ನು ಓದುವುದೇ ಮುಕ್ಕಾಲು ವಿದ್ಯೆ.

ಅಂಥ ಮನೆಯೊಂದರ ಅಜ್ಜಿಯವರು ಮೊಮ್ಮಗನ ಹಿಂದೆ ಕುಳಿತು ಬಹಳ ಹೊತ್ತು ನೋಡಿ, ‘ಓಡ್ತಾರೆ, ಬೀಳ್ತಾರೆ, ಎದ್ದು ಗುಂಪುಕಟ್ಕೊಂಡು ಮಾತಾಡ್ತಾ ನಿಂತ್ಕೋತಾರೆ, ಇದ್ಯಾವ ಸೀಮೆ ಆಟವೋ ಮಗಾ’ ಎಂದಿದ್ದರು. ಆಟದ ಲಕ್ಷಣವನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ.

ಮೊಮ್ಮಗನ ಕಷ್ಟವೋ ಆ ಗುಂಪಿನ ಮಾತು ಮುಗಿದ ಕ್ಷಣದಿಂದ ಆರಂಭ. ಮೂರನೆಯ ಡೌನು, ಇನ್ನು ಏಳು ಗಜ ಬೇಕು ಎನ್ನೋಣ. ತೆರೆಯ ಕೆಳಗೆ ಮೂರು ತಂತ್ರಗಳ ನಕ್ಷೆಗಳು, ಒಂದೊಂದಕ್ಕೆ ಒಂದೊಂದು ಗುಂಡಿ. ಆರಿಸಿದ ನಂತರ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಗುಂಡಿಯೊತ್ತಿದರೆ ಚೆಂಡು ಎಸೆಯುವವನಾದ ಕ್ವಾರ್ಟರ್‌ಬ್ಯಾಕಿನ ಕೈಗೆ ಬರುತ್ತದೆ. ಓಡುತ್ತಿರುವ ಸಹಚರರ ತಲೆಯ ಮೇಲೆ ಚೌಕ, ತ್ರಿಕೋನ, ವೃತ್ತಗಳು ಮೂಡುತ್ತವೆ. ಯಾರ ಚಿಹ್ನೆಯನ್ನು ಒತ್ತಿದರೆ ಅವನಿಗೆ ಎಸೆತ. ಮೃದುವಾಗಿ ತಟ್ಟಿದರೆ ಚೆಂಡು ಬಾಗಿ ತೇಲುತ್ತದೆ, ಒತ್ತಿಹಿಡಿದರೆ ಬಾಣದಂತೆ ಹೋಗುತ್ತದೆ. ಇದೆಲ್ಲಕ್ಕೂ ದೊರೆಯುವ ಕಾಲ ಮೂರು ಸೆಕೆಂಡಿನಷ್ಟು. ಹೊಸಬನು ಮಾಡುವುದು ಎಲ್ಲ ಕಾಲದಲ್ಲಿಯೂ ಒಂದೇ: ಮೈಮೇಲೆ ಬರುವವರನ್ನು ಕಂಡು ಹದಿನೈದು ಗಜ ಹಿಂದಕ್ಕೆ ಓಡುವುದು, ಅಲ್ಲಿಂದ ಅತ್ಯಂತ ದೂರದಲ್ಲಿರುವವನಿಗೆ ಎಸೆಯುವುದು, ಎದುರಾಳಿಯು ಅದನ್ನು ಹಿಡಿದು ಓಡುವುದನ್ನು ಬಾಯಿಬಿಟ್ಟು ನೋಡುವುದು. ಪಕ್ಕದಲ್ಲೇ ನಿಂತವನಿಗೆ ಕೊಟ್ಟು ನಾಲ್ಕು ಗಜ ಸಂಪಾದಿಸುವುದರಲ್ಲಿಯೂ ಒಂದು ಘನತೆಯುಂಟೆಂಬುದು ತಿಳಿಯುವುದು ಬಹಳ ಸೋಲುಗಳ ನಂತರ. ಸಿಕ್ಸರಿನ ವ್ಯಾಮೋಹದಲ್ಲಿ ಬೆಳೆದ ನಮ್ಮ ಹುಡುಗರಿಗೆ ಇದು ಸುಲಭವಾಗಿ ಒಗ್ಗಲಿಲ್ಲ.

ಅದಕ್ಕಿಂತಲೂ ಒಗ್ಗದಿದ್ದುದು ನಾಲ್ಕನೆಯ ಡೌನಿನ ಪಂಟ್. ಕೈಯಲ್ಲಿರುವ ಚೆಂಡನ್ನು ತಾನಾಗಿಯೇ ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವುದು ಯಾವ ನ್ಯಾಯ? ಕೊಡದೆ ಹೋದರೆ, ವಿಫಲನಾದ ಜಾಗದಲ್ಲಿಯೇ, ತನ್ನ ಗಡಿಗೆ ಹತ್ತಿರದಲ್ಲಿಯೇ, ಅವನಿಗೆ ಚೆಂಡು ಸಿಗುತ್ತದೆ. ಒದ್ದರೆ ಅವನು ನಲವತ್ತು ಗಜ ಹಿಂದಿನಿಂದ ಹೊರಡಬೇಕು. ನೆಲವೂ ಒಂದು ಆಸ್ತಿ ಎಂಬ ಈ ತತ್ತ್ವವನ್ನು ಹೇಳಿಕೊಡಲು ಮನೆಯಲ್ಲಿ ಯಾರಿದ್ದರು? ಆ ಕೊರತೆಯನ್ನು ತುಂಬಿದ್ದು ಆಟದೊಳಗೇ ಇದ್ದ ‘ಆಸ್ಕ್ ಮ್ಯಾಡನ್’ ಎಂಬ ಏರ್ಪಾಡು. ಒಂದು ಗುಂಡಿಯೊತ್ತಿದರೆ ಆ ಸಂದರ್ಭಕ್ಕೆ ತಕ್ಕ ತಂತ್ರವನ್ನು ಮುದುಕ ಗುರುವಿನ ಹೆಸರಿನಲ್ಲಿ ಯಂತ್ರವೇ ಸೂಚಿಸುತ್ತಿತ್ತು. ಗುರುವಿನ ಮಾತಿನಂತೆ ಆಡಿ ಗೆದ್ದವರೂ ಉಂಟು, ಗುರುವನ್ನು ಕೇಳದೆ ಕೆಟ್ಟವರು ಅದಕ್ಕಿಂತ ಹೆಚ್ಚು. ಪಾಠವು ತಂತ್ರಕ್ಕಷ್ಟೇ ಸೀಮಿತವಾಗಲಿಲ್ಲ: 1990ರ ದಶಕದ ಆರಂಭದ ಆವೃತ್ತಿಯಲ್ಲಿ ಗಾಯಾಳುವಿಗಾಗಿ ಬರುವ ಆಂಬುಲೆನ್ಸು ಅಡ್ಡಬಂದ ಆಟಗಾರರನ್ನು ಕೆಡವಿಕೊಂಡು ಹೋಗುವುದು ನಗೆಯ ವಸ್ತುವಾಗಿದ್ದರೆ, 2011ರ ಆವೃತ್ತಿಯಲ್ಲಿ ತಲೆಗೆ ಪೆಟ್ಟುಬಿದ್ದವನು ಆ ಪಂದ್ಯಕ್ಕೆ ಮರಳಿ ಬರುವಂತೆಯೇ ಇರಲಿಲ್ಲ.

2000ದ ನಂತರ ಮನೆಮನೆಗೆ ಕಂಪ್ಯೂಟರು ಬಂದಾಗ ಈ ವಿದ್ಯೆಯು ಹಬ್ಬಬೇಕಾಗಿತ್ತು. ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಡ್ಯೂಪ್ಲಿಕೇಟ್ ಸಿಡಿಗಳಿಗೆ ಬರವಿರಲಿಲ್ಲ. ಅದೇ ಎಲೆಕ್ಟ್ರಾನಿಕ್ ಆರ್ಟ್ಸ್‌ನವರ ಕ್ರಿಕೆಟ್ ಆಟವು ಜಯನಗರ, ಬನಶಂಕರಿಗಳ ಹುಡುಗರ ಪರೀಕ್ಷೆಗಳನ್ನು ನುಂಗಿಹಾಕಿದ ಕಾಲವದು. ಆದರೆ ಎರಡು ನಿರ್ಧಾರಗಳು ಅಡ್ಡಬಂದವು. 2004ರ ಡಿಸೆಂಬರಿನಲ್ಲಿ ಅಮೆರಿಕದ ಫುಟ್‌ಬಾಲ್ ಲೀಗು ತನ್ನ ತಂಡಗಳ ಹೆಸರು ಬಳಸುವ ಹಕ್ಕನ್ನು ಈ ಒಂದೇ ಸಂಸ್ಥೆಗೆ ಕೊಟ್ಟುಬಿಟ್ಟಿತು. ಅಗ್ಗದ ಬೆಲೆಗೆ ಮಾರುತ್ತಿದ್ದ ಪ್ರತಿಸ್ಪರ್ಧಿಯ ಆಟವು ಕಣದಿಂದ ಮರೆಯಾಯಿತು. 2007ರ ಆವೃತ್ತಿಯ ತರುವಾಯ ಆ ಸಂಸ್ಥೆಯು ಕಂಪ್ಯೂಟರಿಗೆ ಈ ಆಟವನ್ನು ಹೊರಡಿಸುವುದನ್ನೇ ನಿಲ್ಲಿಸಿತು. ಮತ್ತೆ ಆರಂಭಿಸಿದ್ದು 2018ರಲ್ಲಿ. ಅಮೆರಿಕದ ಹುಡುಗರಿಗೆ ಇದರಿಂದ ಹೆಚ್ಚೇನೂ ಬಾಧೆಯಾಗಲಿಲ್ಲ, ಅವರಲ್ಲಿ ಬೇರೆ ಯಂತ್ರಗಳಿದ್ದವು; ಕಂಪ್ಯೂಟರನ್ನೇ ನೆಚ್ಚಿಕೊಂಡಿದ್ದ ನಮ್ಮ ಮಧ್ಯಮವರ್ಗದ ಮನೆಗಳಿಗೆ ಮಾತ್ರ ಬಾಗಿಲು ಹತ್ತು ವರ್ಷ ಮುಚ್ಚಿತು. ಆ ಹತ್ತು ವರ್ಷದಲ್ಲಿ ಒಂದು ತಲೆಮಾರು ಕಳೆದುಹೋಯಿತು. ಆಮೇಲೆ ಬಾಗಿಲನ್ನು ತೆರೆದದ್ದು ಮೊಬೈಲು; ಅದರಲ್ಲಿಯೂ 2020ರಲ್ಲಿ ಬಂದ ‘ರೆಟ್ರೊ ಬೌಲ್’ ಎಂಬ, ಚುಕ್ಕಿಚುಕ್ಕಿ ಚಿತ್ರಗಳ ಪುಟ್ಟ ಆಟ. ಅದರಲ್ಲಿ ರಕ್ಷಣೆಯ ಭಾಗವನ್ನು ಯಂತ್ರವೇ ಮುಗಿಸಿಬಿಡುತ್ತದೆ. ಕಲಿಯುವವನಿಗೆ ಬೆರಳೆಳೆದು ಚೆಂಡೆಸೆಯುವ ಸುಖವಷ್ಟೇ ಪಾಲು. ಅರ್ಧ ಆಟವೇ ಸರಿ, ಮೆಟ್ರೊ ಪ್ರಯಾಣಕ್ಕೆ ಅಷ್ಟು ಸಾಕು.

ಬಿಂಬವನ್ನು, ಎಂದರೆ ಬಯಲಿನ ನಿಜವಾದ ಆಟವನ್ನು, ತರುವ ಪ್ರಯತ್ನವೂ ನಡೆಯದೆ ಇಲ್ಲ. 2011ರಲ್ಲಿ ‘ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ’ ಎಂಬುದೊಂದು ಘೋಷಣೆಯಾಗಿ, ‘ಬ್ಯಾಂಗಲೂರ್ ವಾರ್‌ಹಾಕ್ಸ್’ ಎಂಬ ತಂಡಕ್ಕೆ ನಮ್ಮ ಊರಿನ ಹೆಸರನ್ನೂ ಇಟ್ಟರು. 2012ರಲ್ಲಿ ಅದರ ಮೊದಲ ಪಂದ್ಯಾವಳಿಯು ನಡೆಯಿತು, ನಡೆದದ್ದು ಶ್ರೀಲಂಕೆಯಲ್ಲಿ! ಹೆಸರಿಗೆ ಊರಿನ ತಂಡವಾದರೂ ಊರವರು ಅದನ್ನು ನೋಡಬೇಕಾದದ್ದು ಮತ್ತೆ ತೆರೆಯ ಮೇಲೆಯೇ. ಈ ನಡುವೆ 2014ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ತೆರೆಯ ಚಟಕ್ಕೆ ಸಿಕ್ಕವರಿಗಾಗಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಪಾರ್ಲರಿನ ಬಗ್ಗೆ ಹಿಂದೆ ಪೊಲೀಸರಿಗಿದ್ದ ಚಿಂತೆಯು ಈಗ ವೈದ್ಯರ ಪಾಲಿಗೆ ಬಂದಿತೆನ್ನಬಹುದು. ನನಗಂತೂ ಈ ಹಸ್ತಾಂತರವು ಸಮಾಧಾನದ ವಿಷಯವಾಗಿಯೇ ತೋರುತ್ತದೆ.

2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ಟಿನ ಜೊತೆಯಲ್ಲಿಯೇ ಫ್ಲ್ಯಾಗ್ ಫುಟ್‌ಬಾಲನ್ನೂ ಸೇರಿಸಿತು. ಪಕ್ಷಕ್ಕೆ ಐವರು, ಶಿರಸ್ತ್ರಾಣವಿಲ್ಲ, ಕೆಡವುವುದಿಲ್ಲ. ಓಡುವವನ ಸೊಂಟದ ಪಟ್ಟಿಯನ್ನು ಕಿತ್ತುಕೊಂಡರೆ ಆ ಡೌನು ಮುಗಿಯಿತು. ಬಡಾವಣೆಯ ಆಟದ ಬಯಲೊಂದರಲ್ಲಿ ಹಿಡಿಸುವ ಆಟವಿದು. ಸಿದ್ದಾಪುರದ ಹುಡುಗರೋ ಹುಡುಗಿಯರೋ ಮುಂದೊಂದು ದಿನ ಇದಕ್ಕೆ ಇಳಿದರೆ, ವ್ಯೂಹವನ್ನು ಓದುವ ಕಣ್ಣು ಅವರಲ್ಲಿ ಅದಾಗಲೇ ಸಿದ್ಧವಾಗಿರುತ್ತದೆ, ನಾಲ್ಕು ಡೌನುಗಳ ಲೆಕ್ಕವು ಬೆರಳ ತುದಿಯಲ್ಲಿರುತ್ತದೆ. ಅಷ್ಟು ಸೋತು, ಅಷ್ಟು ಒಲ್ಲದ ಮನಸ್ಸಿನಿಂದ ಕಲಿತ ಪಂಟಿನ ವಿವೇಕವೊಂದು ಮಾತ್ರ ಅಲ್ಲಿ ಉಪಯೋಗಕ್ಕೆ ಬಾರದು. ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯುವಂತೆಯೇ ಇಲ್ಲ.