ಕೊಂಡುಕುರಿ ಮತ್ತು ಚಿತ್ರದ ಸಾಕ್ಷ್ಯ

ಜೋಗಿಮಟ್ಟಿಯ ಇಳಿಜಾರು, ಹಿರಿಯೂರು-ಹೊಸದುರ್ಗಗಳ ನಡುವಣ ಮಾರಿಕಣಿವೆಯ ಗುಡ್ಡಗಳು, ಹೊಳಲ್ಕೆರೆಯ ತೋಟಗಳಾಚೆಯ ಕುರುಚಲು ಕಾಡು ಮುಂತಾದೆಡೆಗಳಲ್ಲಿ ತೆಗೆದ ಚಿತ್ರಗಳನ್ನು ಕಳುಹಿಸಿ, “ಮೇಷ್ಟ್ರೇ, ಇದು ಯಾವ ಪ್ರಾಣಿ?” ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಈ ಪ್ರಶ್ನೆಗೂ ಒಂದು ಇತಿಹಾಸವಿದೆ.

ಹಿಂದೆ ಒಂದು ಕಾಡಿನಲ್ಲಿ ಇಂಥ ಪ್ರಾಣಿಯಿದೆ ಎಂದು ಸಾಧಿಸಲು ಬೇಟೆಗಾರನ ಕೋವಿಯೇ ಆಧಾರವಾಗಿತ್ತು. ಚರ್ಮ, ಕೊಂಬು, ತಲೆಬುರುಡೆಗಳೇ ಪುರಾವೆಗಳು. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ, ಪ್ರಾಣಿಯೇ ತಂತಿಯನ್ನು ಎಡವಿ ತನ್ನ ಚಿತ್ರ ತೆಗೆಸಿಕೊಳ್ಳುವಂತೆ ಕ್ಯಾಮೆರಾ ಹೂಡಿದರು. ಆ ಚಿತ್ರಗಳ ಪುಸ್ತಕ 1927ರಲ್ಲಿ ಪ್ರಕಟವಾಯಿತು. 1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಪಟ್ಟೆಗಳ ವ್ಯತ್ಯಾಸದಿಂದ ಒಂದೊಂದು ಹುಲಿಯನ್ನೂ ಬೇರೆಯಾಗಿ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ರೂಢಿಗೆ ತಂದರು. ಚಿರತೆಯ ಚುಕ್ಕೆಗಳೂ ಹಾಗೆಯೇ, ಒಂದರಂತೆ ಇನ್ನೊಂದಿಲ್ಲ. ಎಡಮಗ್ಗುಲಿನ ವಿನ್ಯಾಸ ಬಲಮಗ್ಗುಲಿನಲ್ಲಿರುವುದಿಲ್ಲವಾದ್ದರಿಂದ ಎರಡೂ ಬದಿಯ ಚಿತ್ರ ಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ಹೆಚ್ಚು ಗೊಂದಲಕ್ಕೆ ಒಳಗಾಗುವ ಪ್ರಾಣಿ ಕೊಂಡುಕುರಿ. ಹೆಸರಿನಲ್ಲಿ ಕುರಿಯಿದ್ದರೂ ಅದು ಕುರಿಯಲ್ಲ. ಕಾಡುಕುರಿ ಎನಿಸಿಕೊಳ್ಳುವ ಬೊಗಳುವ ಜಿಂಕೆಯೂ ಅಲ್ಲ. ಗಂಡಿಗೆ ನಾಲ್ಕು ಕೊಂಬುಗಳು. ಹಣೆಯ ಮೇಲಿನ ಮುಂದಿನ ಜೋಡಿ ತೀರ ಗಿಡ್ಡ. ಹೆಣ್ಣಿಗೆ ಕೊಂಬೇ ಇಲ್ಲ. ಆಗ ಮುಂಗಾಲುಗಳ ಮುಂಭಾಗದ ಕಪ್ಪು ಗೆರೆಯನ್ನು ನೋಡಬೇಕು. ಕಾಡುಕುರಿಯ ಗಂಡಿನ ಕೊಂಬು ರೋಮಾವೃತ ಬುಡದ ಮೇಲೆ ನಿಂತಿದ್ದು, ವರ್ಷವರ್ಷವೂ ಉದುರಿ ಬೆಳೆಯುತ್ತದೆ. ಕೊಂಡುಕುರಿಯ ಕೊಂಬು ಹಾಗೆ ಉದುರುವುದಿಲ್ಲ.

ಹೆಸರು ತಿಳಿದರೆ ಏನು ಲಾಭವೆಂದು ನೀವು ಕೇಳಬಹುದು. ಕೊಂಡುಕುರಿ ಭಾರತ, ನೇಪಾಳಗಳ ಹೊರತು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು, ಈಗ ದಾವಣಗೆರೆ ಜಿಲ್ಲೆಯಲ್ಲಿರುವ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಈ ಪ್ರಾಣಿಯ ಹೆಸರಿನಲ್ಲಿಯೇ ವನ್ಯಧಾಮವಾಯಿತು. ಬರಿಯ ಕುರುಚಲು ಎಂದು ಉಪೇಕ್ಷಿತವಾಗಿದ್ದ ನೆಲಕ್ಕೆ ಒಂದು ಮೂಕಪ್ರಾಣಿಯ ಹೆಸರು ರಕ್ಷಣೆಯನ್ನು ತಂದಿತು. ಜೋಗಿಮಟ್ಟಿಯೂ 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು.

ತಪ್ಪು ಹೆಸರಿನ ಫಲ ಇದಕ್ಕೆ ವ್ಯತಿರಿಕ್ತ. ಎಲ್ಲಿಯದೋ ಹುಲಿಯ ಚಿತ್ರವನ್ನು “ನಮ್ಮೂರ ತೋಟದಲ್ಲಿ ಕಂಡದ್ದು” ಎಂದು ಹರಡಿದರೆ ಊರಿಗೆ ಊರೇ ದೊಣ್ಣೆ ಹಿಡಿದು ಹೊರಡುತ್ತದೆ. ಹೆದರಿದ ಜನ, ಹೆದರಿದ ಚಿರತೆ ಎದುರುಬದುರಾದರೆ ಇಬ್ಬರಿಗೂ ಅಪಾಯವೇ.

ಆದುದರಿಂದ ಚಿತ್ರದೊಡನೆ ದಿನಾಂಕವನ್ನೂ ಸ್ಥಳವನ್ನೂ ಬರೆದಿಡಿರಿ. ಶಾಸನಕ್ಕೆ ಕಾಲ, ದೇಶಗಳಿರುವಂತೆ. ಆದರೆ ನಿಖರವಾದ ಜಾಗವನ್ನು ಅರಣ್ಯ ಇಲಾಖೆಗೆ ಮಾತ್ರ ತಿಳಿಸಿರಿ, ಊರಿಗೆಲ್ಲ ಸಾರಬೇಡಿರಿ. ಉರುಳು ಹಾಕುವವನೂ ಚಿತ್ರಗಳನ್ನು ನೋಡುತ್ತಾನೆ. ಗುರುತು ಸ್ಪಷ್ಟವಾಗಿಲ್ಲದಿದ್ದರೆ ಹೆಸರಿಡುವ ಆತುರವೂ ಬೇಡ. ಊಹೆಯ ಹೆಸರಿಗಿಂತ ಹೆಸರಿಲ್ಲದ ಚಿತ್ರವೇ ಲೇಸು. ಅದನ್ನು ಮುಂದೊಂದು ದಿನ ಬಲ್ಲವರು ಓದಿಯಾರು.