ಕಾಲು ಹೇಗೆ ತಿರುಚಿತು ಅಂತ ಡಾಕ್ಟರ್ ಯಾಕೆ ಕೇಳ್ತಾರೆ?

ಸಾಮಾನು ಕೊಳ್ಳಲು ಬೆಂಗಳೂರು ಪೇಟೆಗೆ ಹೋದವರಿಗೆ ಮಾಮೂಲ್‌ಪೇಟೆಯ ಇಕ್ಕಟ್ಟು ಗೊತ್ತಿರುತ್ತದೆ. ನಾವು ಹೋದ ದಿನ ಮೂಟೆ ಹೊತ್ತ ಹಮಾಲಿಯೊಬ್ಬರು ಮೆಟ್ಟಿಲಿಳಿಯುವಾಗ ಪಾದ ಒಳಕ್ಕೆ ವಾಲಿ, ಮೈ ತಿರುಗಿ ಬಿದ್ದರು. ಹರಡು ಊದಿಕೊಂಡಿತು. "ಪುತ್ತೂರು ಕಟ್ಟು ಹಾಕಿಸಿ" ಅಂದರು ಒಬ್ಬರು (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು). ಕೊನೆಗೆ ಆಸ್ಪತ್ರೆಗೇ ಹೋದೆವು. ಹೇಗೆ ಬಿದ್ರಿ ಅಂತ ಡಾಕ್ಟರ್ ಕೇಳಿದರೆ, "ಬಿದ್ದೆ ಸಾರ್, ಅಷ್ಟೇ" ಅಂದರು ಆ ಅಣ್ಣ. ಡಾಕ್ಟರ್ ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದರು.

ಈ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ. 1756ರಲ್ಲಿ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ ಕುದುರೆಯಿಂದ ಬಿದ್ದು ತನ್ನದೇ ಕಾಲು ಮುರಿದುಕೊಂಡರು. ಮುಂದೆ ಹರಡಿನ ಮುರಿತದ ಬಗ್ಗೆಯೂ ಬರೆದರು. ಆಗ ಎಕ್ಸ್‌ರೇ ಇಲ್ಲ, ಕಣ್ಣು ಮತ್ತು ಕೈಯೇ ಗತಿ. 1895ರಲ್ಲಿ ಜರ್ಮನಿಯ ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದರು. ಇದೇ ಮಾಮೂಲ್‌ಪೇಟೆಗೆ ಹತ್ತಿರದ ವಿಕ್ಟೋರಿಯಾ ಆಸ್ಪತ್ರೆ ಶುರುವಾದದ್ದು 1900ರಲ್ಲಿ.

ಎಕ್ಸ್‌ರೇ ಬಂದರೂ ಒಂದು ತೊಡಕು ಉಳಿಯಿತು. ಅದರಲ್ಲಿ ಎಲುಬು ಕಾಣುತ್ತದೆ, ಎಲುಬುಗಳನ್ನು ಹಿಡಿದಿಟ್ಟ ಕಟ್ಟುನಾರು ಕಾಣುವುದಿಲ್ಲ. ಡೆನ್ಮಾರ್ಕ್‌ನ ವೈದ್ಯ ನೀಲ್ಸ್ ಲೌಗೆ-ಹಾನ್ಸೆನ್ ಕತ್ತರಿಸಿ ತೆಗೆದ ಕಾಲುಗಳನ್ನು ತರಿಸಿ, ಪಾದ ಬಿಗಿದು, ಬೇಕೆಂದೇ ತಿರುಚಿ ಮುರಿದು ನೋಡಿದರು. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಆಗ ಕಂಡದ್ದು ಮುಖ್ಯ. ಪಾದ ಯಾವ ಕಡೆ ವಾಲಿತ್ತು, ಬಲ ಯಾವ ಕಡೆ ತಿರುಚಿತು ಅನ್ನುವುದರ ಮೇಲೆ ಒಂದೊಂದೇ ಭಾಗ ಸಾಲಾಗಿ ಹರಿಯುತ್ತದೆ. 1950ರಲ್ಲಿ ಇದನ್ನು ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ನಮ್ಮ ಹಮಾಲಿ ಅಣ್ಣನ ಥರದ್ದೇ: ಪಾದದ ಅಡಿ ಒಳಕ್ಕೆ ವಾಲಿ, ಪಾದ ಹೊರಕ್ಕೆ ತಿರುಗುವುದು. ಮೊದಲು ಮುಂದಿನ ನಾರು, ಆಮೇಲೆ ಹೊರಗಡೆಯ ಸಣ್ಣ ಎಲುಬು, ಹಿಂಭಾಗ, ಕೊನೆಗೆ ಒಳಮಗ್ಗುಲು. ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿದರೆ ಎಲುಬು ಕೂರುತ್ತದೆ ಅನ್ನುವುದು ಅವರ ಲೆಕ್ಕ.

ಮುಂದೆ ಪ್ಲೇಟು, ಸ್ಕ್ರೂ ಹಾಕುವ ಕಾಲ ಬಂತು. ಸಣ್ಣ ಎಲುಬು ಯಾವ ಮಟ್ಟದಲ್ಲಿ ಮುರಿದಿದೆ ಅಂತ ನೋಡುವ ವೆಬರ್ ಅವರ ಸುಲಭದ ವಿಧಾನ ಬಳಕೆಗೆ ಬಂತು. ಲೌಗೆ-ಹಾನ್ಸೆನ್ ಹೇಳಿದ ಸಾಲು ಎಲ್ಲರ ಕಾಲಿನಲ್ಲೂ ಹಾಗೇ ಇರುವುದಿಲ್ಲ ಅಂತ ಎಂಆರ್‌ಐ ಪರೀಕ್ಷೆಗಳೂ ತೋರಿಸಿವೆ. ಆದರೂ ಪ್ರಶ್ನೆ ಉಳಿದಿದೆ. ಹೊರಗಿನ ಎಲುಬಷ್ಟೇ ಮುರಿದು ಕೀಲು ಅಲುಗದಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಡ. ಒಳಮಗ್ಗುಲ ನಾರು ಹರಿದು ಕೀಲು ಜರುಗಿದರೆ ಕಥೆಯೇ ಬೇರೆ.

ಅಣ್ಣನ ಎಕ್ಸ್‌ರೇಯಲ್ಲಿ ಹೊರಗಿನ ಎಲುಬು ಮಾತ್ರ ಬಿರುಕು ಬಿಟ್ಟಿತ್ತು. ಪಾದ ಹೇಗೆ ತಿರುಚಿತು ಅಂತ ಅವರು ಕೈಯಲ್ಲಿ ತೋರಿಸಿದ ಮೇಲೆ ಡಾಕ್ಟರ್ ಒಳಮಗ್ಗುಲು ಒತ್ತಿದರು. ಅವರು ಕೂಗಿಕೊಂಡರು. ಪಾದವನ್ನು ಹೊರಕ್ಕೆ ತಿರುಗಿಸಿ ಹಿಡಿದು ಇನ್ನೊಂದು ಎಕ್ಸ್‌ರೇ ತೆಗೆಸಿದಾಗ ಕೀಲು ಜರುಗಿದ್ದು ಕಂಡಿತು.