ಕಾಫಿಯ ಸೀಮೆಯಲ್ಲಿ ಕೈಗಡವೂ ಮುಂಗಡವೂ

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಅರಸರ ದಾನಗಳನ್ನು ಒಂದೊಂದು ಗದ್ಯಾಣವನ್ನೂ ಬಿಡದೆ ಎಣಿಸಿರುವರು. ಪ್ರಜೆಗಳ ಸಾಲಗಳನ್ನು ಎಣಿಸಿದವರು ವಿರಳ. ದಾನವು ಕಲ್ಲಿನ ಮೇಲೆ ನಿಂತಿತು. ಸಾಲವಾದರೋ, ತೀರಿದೊಡನೆ ಪತ್ರವನ್ನು ಹರಿದುಹಾಕುವುದು ವಾಡಿಕೆಯಾದುದರಿಂದ, ತನ್ನ ಗುರುತನ್ನು ತಾನೇ ಅಳಿಸಿಕೊಂಡಿತು. ಆದರೂ ಒಂದು ಸೀಮೆಯ ಜನರು ಯಾರನ್ನು ನಂಬಿದರು, ಯಾರಿಗೆ ಅಂಜಿದರು, ಕಷ್ಟಕಾಲದಲ್ಲಿ ಯಾರ ಬಾಗಿಲಿಗೆ ಹೋದರು ಎಂಬುದನ್ನು ತಿಳಿಯಬೇಕಾದರೆ ದಾನಶಾಸನಕ್ಕಿಂತ ಸಾಲದ ಲೆಕ್ಕವೇ ಹೆಚ್ಚು ಉಪಯುಕ್ತವಾದುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಈ ಮೂರು ಕಡೆಯ ಕಾಫಿಯ ಮಲೆಗಳನ್ನು ಮುಂದಿಟ್ಟುಕೊಂಡು, ಅಲ್ಲಿಯ ಜನರು ತಮ್ಮತಮ್ಮೊಳಗೆ ಸಾಲವನ್ನು ಕೊಟ್ಟುಕೊಂಡ ಬಗೆ ಹೇಗೆ ಮಾರ್ಪಟ್ಟಿತೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ನೋಡೋಣ. 'ಕಡ' ಎಂಬುದು ಅಚ್ಚಗನ್ನಡದ ಮಾತು. ಇದರ ಜ್ಞಾತಿಶಬ್ದವಾದ ತಮಿಳಿನ 'ಕಡನ್' ಎಂಬುದಕ್ಕೆ ಸಾಲವೆಂದೂ ಕರ್ತವ್ಯವೆಂದೂ ಎರಡರ್ಥಗಳುಂಟು. 'ಬಡ್ಡಿ' ಎಂಬುದು ಸಂಸ್ಕೃತದ 'ವೃದ್ಧಿ'ಯ ತದ್ಭವ. ಹೀಗೆ ಕೊಟ್ಟು ತೆಗೆದುಕೊಳ್ಳುವ ಹಣಕ್ಕೆ ದೇಶ್ಯವಾದ ಹೆಸರೂ, ಅದರ ಬೆಳವಣಿಗೆಗೆ ಶಾಸ್ತ್ರದಿಂದ ಬಂದ ಹೆಸರೂ ಕೂಡಿಕೊಂಡಿವೆ. 'ಕಡ'ದಿಂದ ಎರಡು ಸಮಾಸಗಳು ಹುಟ್ಟಿವೆ: ಕೈಗಡ, ಮುಂಗಡ. ಪರಿಚಿತರೊಳಗೆ ಪತ್ರವಿಲ್ಲದೆ, ಅಲ್ಪಕಾಲಕ್ಕೆ, ಮುಖ ನೋಡಿ ಕೊಡತಕ್ಕದ್ದು ಕೈಗಡ. ಮುಂದೆ ಬರಬೇಕಾದ ಬೆಳೆಯ ಮೇಲಾಗಲಿ, ಮುಂದೆ ಮಾಡಬೇಕಾದ ದುಡಿಮೆಯ ಮೇಲಾಗಲಿ ಮೊದಲೇ ಕೊಡತಕ್ಕದ್ದು ಮುಂಗಡ. ಮೊದಲನೆಯದು ಕಳೆದ ಕಾಲದ ಪರಿಚಯವನ್ನು ನಂಬುತ್ತದೆ. ಎರಡನೆಯದು ಬರುವ ಕಾಲವನ್ನು ಹಿಡಿದಿಡುತ್ತದೆ. ಕಾಫಿಯ ಸೀಮೆಯ ಸಾಲದ ಇತಿಹಾಸವನ್ನೆಲ್ಲ ಈ ಎರಡು ಮಾತುಗಳೊಳಗೆ ಅಡಕಮಾಡಬಹುದು.

ಕಾಫಿಗಿಂತ ಹಿಂದಿನ ಸ್ಥಿತಿಯನ್ನು ಅರಿಯಲು ಧರ್ಮಶಾಸ್ತ್ರವೂ ಶಾಸನಗಳೂ ಸಹಾಯಕವಾಗಿವೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ಋಣಾದಾನಪ್ರಕರಣವು ವಿಸ್ತಾರವಾಗಿದೆ. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಭಾಗ, ಎಂದರೆ ನೂರಕ್ಕೆ ಒಂದೂಕಾಲು, ಬಡ್ಡಿ. ಒತ್ತೆಯಿಲ್ಲದಿದ್ದರೆ ವರ್ಣಕ್ರಮದಿಂದ ನೂರಕ್ಕೆ ಎರಡರಿಂದ ಐದರವರೆಗೆ. ಆದರೆ ಕಾಂತಾರಗರು, ಎಂದರೆ ಕಾಡನ್ನು ಹೊಕ್ಕು ವ್ಯಾಪಾರಮಾಡುವವರು, ತಿಂಗಳಿಗೆ ನೂರಕ್ಕೆ ಹತ್ತನ್ನೂ, ಸಮುದ್ರದ ಮೇಲೆ ಹೋಗುವವರು ಇಪ್ಪತ್ತನ್ನೂ ಕೊಡಬೇಕು. ಪ್ರಾಣಕ್ಕೂ ಧನಕ್ಕೂ ಅಪಾಯವುಳ್ಳ ಸ್ಥಳಗಳಾದುದೇ ಇದಕ್ಕೆ ವಿಜ್ಞಾನೇಶ್ವರನು ಹೇಳುವ ಕಾರಣ. ಮಲೆಯ ಸಾಲವು ಬಯಲಿನ ಸಾಲಕ್ಕಿಂತ ದುಬಾರಿಯಾಗಿರುವುದು ಇಂದಿನ ಸಂಗತಿಯಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಅದೇ ಸ್ಮೃತಿಯು ಬಡ್ಡಿಗೆ ಮೇರೆಯನ್ನೂ ಕಟ್ಟಿದೆ: ಹೊನ್ನು ಎರಡರಷ್ಟನ್ನೂ, ಧಾನ್ಯವು ಮೂರರಷ್ಟನ್ನೂ, ವಸ್ತ್ರವು ನಾಲ್ಕರಷ್ಟನ್ನೂ ಮೀರಿ ಬೆಳೆಯಕೂಡದು. ಸಾಲಗಾರನು ಎಷ್ಟೇ ಕಾಲ ತಡಮಾಡಿದರೂ ಋಣಕ್ಕೆ ಒಂದು ಕೊನೆಯುಂಟೆಂಬ ಈ ತತ್ತ್ವವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಕಾಫಿಯ ತೋಟದ ಮುಂಗಡದಲ್ಲಿ ಇದೇ ಕಾಣದೆ ಹೋಗುತ್ತದೆ.

ಶಾಸನಗಳಲ್ಲಿ ಸಾಲವು ಪುಣ್ಯದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ನಂದಾದೀವಿಗೆಗೋ ಅನ್ನಸತ್ರಕ್ಕೋ ದಾನಿಯು ಹೊನ್ನನ್ನು ಕೊಡುವನು. ಊರ ಮಹಾಜನರೋ ವರ್ತಕರೋ ಅದನ್ನು ಇಟ್ಟುಕೊಂಡು, ಬಡ್ಡಿಯಿಂದ ಧರ್ಮವನ್ನು ನಡಸುವರು. ಕನ್ನಡ ಶಾಸನಗಳಲ್ಲಿ ಈ ಕ್ರಮವು ಹೇರಳವಾಗಿದೆ. ಅಸಲು ಕರಗದಂತೆ ಉಳಿಯಬೇಕಾದರೆ ಆ ಹೊನ್ನು ಊರಿನವರ ಕೈಯಲ್ಲಿ ಓಡಾಡಲೇಬೇಕಷ್ಟೆ. ದೇವರ ಹೆಸರಿನ ನಿಧಿಯೇ ಊರಿನ ಸಾಲದ ಮೂಲವೂ ಆಗಿದ್ದಿತೆಂದು ಇದರಿಂದ ಊಹಿಸಬಹುದು. ಇನ್ನು ಸಾಮಾನ್ಯ ಒಕ್ಕಲಿನ ಸಾಲವು ಬಹುಮಟ್ಟಿಗೆ ಭತ್ತದ ಸಾಲವೇ. ಮಳೆಗಾಲದಲ್ಲಿ ಹಳ್ಳಕೊಳ್ಳಗಳು ತುಂಬಿ ದಾರಿ ಕಟ್ಟಿದಾಗ, ಕಣಜವುಳ್ಳ ಮನೆಯಿಂದ ಭತ್ತವನ್ನು ತಂದು, ಸುಗ್ಗಿಯಲ್ಲಿ ಒಂದಷ್ಟು ಹೆಚ್ಚಾಗಿ ಅಳೆದುಕೊಡುವುದು. ಕಳಸದ ಬಳಿ ಭದ್ರೆಯ ಮೇಲಿನ ಹೆಬ್ಬಾಳೆಯ ಸೇತುವೆಯು ಭಾರಿ ಮಳೆ ಬಂದಾಗ ಮುಳುಗುವುದನ್ನು ಕಂಡವರಿಗೆ, ಸೇತುವೆಯೇ ಇಲ್ಲದ ಕಾಲದಲ್ಲಿ ನೆರೆಮನೆಯ ಕಣಜಕ್ಕೆ ಎಂತಹ ಬೆಲೆಯಿದ್ದಿತೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಸ್ಥಿತಿಯನ್ನು ಬದಲಾಯಿಸಿದುದು ಕಾಫಿ. ಬಾಬಾಬುಡನ್ ಎಂಬ ಸಂತನು 17ನೆಯ ಶತಮಾನದಲ್ಲಿ ಏಳು ಬೀಜಗಳನ್ನು ಅರಬ್ಬಿ ದೇಶದಿಂದ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟನೆಂಬ ಐತಿಹ್ಯವು ಪ್ರಸಿದ್ಧವಾಗಿದೆ. ಬಹುಕಾಲ ಅದು ಹಿತ್ತಿಲ ಬೆಳೆಯಾಗಿದ್ದಿತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿಯನ್ ತೋಟಗಾರರು ಬಂದ ಮೇಲೆ ವ್ಯಾಪಾರದ ಬೆಳೆಯಾಯಿತು. ನಾಡಿನ ಗೌಡರೂ ಹೆಗ್ಗಡೆಗಳೂ ಅವರ ಜೊತೆಯಲ್ಲಿಯೇ ತೋಟಗಳನ್ನು ಮಾಡಿದರು. ಭತ್ತವು ಆರು ತಿಂಗಳಲ್ಲಿ ಕೈಗೆ ಬರುವುದು. ಕಾಫಿಯ ಗಿಡ ನೆಟ್ಟಮೇಲೆ ಫಲ ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು. ಫಲ ಬಂದ ಮೇಲೂ ಮಾರ್ಚಿ ಏಪ್ರಿಲಿನ ಹೂಮಳೆ ತಪ್ಪಿದರೆ ವರ್ಷದ ಬೆಳೆಯೇ ತಪ್ಪಿದಂತೆ. ಕಳೆ ತೆಗೆಯುವುದು, ಮರಗಸಿ, ಗೊಬ್ಬರ ಇವುಗಳಿಗೆ ವರ್ಷವೆಲ್ಲ ಹಣ ಬೇಕು. ಹಣ ಬರುವುದು ಹಣ್ಣಿನ ಕುಯ್ಲು ಮುಗಿದು ಕಣದಲ್ಲಿ ಒಣಗಿ ಮಾರಾಟವಾದ ಮೇಲೆ. ಇಂತಹ ಬೆಳೆಗೆ ನೆರೆಯವನ ಕೈಗಡವು ಸಾಲದು. ಮಂಗಳೂರಿನಲ್ಲಿ ಕಾಫಿಯನ್ನು ಹದಮಾಡಿ ಹಡಗಿಗೇರಿಸುತ್ತಿದ್ದ ಪಿಯರ್ಸ್ ಲೆಸ್ಲಿ ಮೊದಲಾದ ಕಂಪೆನಿಗಳೂ, ಊರ ವರ್ತಕರೂ ಬೆಳೆಯ ಮೇಲೆ ಮುಂಗಡವನ್ನು ಕೊಡುವವರಾದರು. ಬೆಳೆಯನ್ನು ಅವರಿಗೇ ಒಪ್ಪಿಸುವುದು ಆ ಮುಂಗಡದ ನಿಬಂಧನೆಯಾಯಿತು.

ತೋಟಗಾರನು ಪಡೆದ ಮುಂಗಡದ ಒಂದು ಭಾಗವು ಕೆಳಕ್ಕೆ ಹರಿಯಿತು. ಕುಯ್ಲಿಗೆ ಬೇಕಾದಷ್ಟು ಆಳುಗಳು ಮಲೆನಾಡಿನಲ್ಲಿರಲಿಲ್ಲ. ಚಾರ್ಮಾಡಿ ಮೊದಲಾದ ಘಟ್ಟಗಳನ್ನೇರಿ ತುಳುನಾಡಿನಿಂದ ಆಳುಗಳು ಬರುತ್ತಿದ್ದರು. ಮಳೆಗಾಲದ ಬೇಸಾಯಕ್ಕೆ ಮತ್ತೆ ಕೆಳಗಿಳಿಯುತ್ತಿದ್ದರು. ಹೋದವರು ತಿರುಗಿ ಬರುವರೆಂಬ ನಂಬಿಕೆಗಾಗಿ ಮೇಸ್ತ್ರಿಯ ಕೈಯಲ್ಲಿ ಮುಂಗಡವನ್ನು ಕಳುಹಿಸುವುದು ಪದ್ಧತಿಯಾಯಿತು. ಮೇಸ್ತ್ರಿಯು ಊರಿನವನೇ, ಜಾತಿಯವನೇ, ಹಲವು ಸಲ ನಂಟನೇ. ಆಳಿನ ಕಣ್ಣಿಗೆ ಅವನು ಕೊಟ್ಟುದು ಕೈಗಡದಂತೆ ಕಂಡಿತು. ಆದರೆ ತೋಟದ ರೈಟರು ಅದನ್ನು ಪುಸ್ತಕದಲ್ಲಿ ಮುಂಗಡವೆಂದೇ ಬರೆದನು. ಒಂದೇ ಹಣಕ್ಕೆ ಎರಡು ಹೆಸರುಗಳಾದವು; ನ್ಯಾಯಸ್ಥಾನದಲ್ಲಿ ನಿಂತದ್ದು ಪುಸ್ತಕದ ಹೆಸರು. 1859ರ 13ನೆಯ ಆಕ್ಟಿನ ಪ್ರಕಾರ, ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಮ್ಯಾಜಿಸ್ಟ್ರೇಟನು ಹಣ ಹಿಂದಿರುಗಿಸಲೋ ಕೆಲಸ ಮಾಡಲೋ ಆಜ್ಞಾಪಿಸಬಹುದಾಗಿದ್ದಿತು; ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಸೆರೆಮನೆ. ದಕ್ಷಿಣ ಹಿಂದೂಸ್ಥಾನದ ತೋಟಗಾರರು ಬಹುಕಾಲ ನೆಚ್ಚಿಕೊಂಡಿದ್ದ ಈ ಕಾನೂನು 1925ರಲ್ಲಿ ರದ್ದಾಯಿತು. ಇತರರ ಸಾಲವು ಸೊತ್ತಿನ ಮೇಲೆ ನಿಂತಿದ್ದರೆ ಆಳಿನ ಸಾಲವು ಅವನ ದೇಹದ ಮೇಲೆ ನಿಂತಿದ್ದಿತು.

ಇದಕ್ಕೆ ನಮ್ಮ ಸಾಹಿತ್ಯವು ಸಾಕ್ಷಿ ನುಡಿದಿದೆ. ಶಿವರಾಮ ಕಾರಂತರ 'ಚೋಮನ ದುಡಿ' (1933) ಭೂಮಿಯ ಆಶೆಯ ಕಥೆಯೆಂದು ಪ್ರಸಿದ್ಧವಾಗಿದೆಯಷ್ಟೆ; ಅದು ಅಷ್ಟೇ ಮಟ್ಟಿಗೆ ಕಾಫಿತೋಟದ ಸಾಲದ ಕಥೆಯೂ ಹೌದು. ತೋಟದ ಅಲ್ಪ ಋಣವನ್ನು ತೀರಿಸಲು ಚೋಮನ ಗಂಡುಮಕ್ಕಳು ಘಟ್ಟವನ್ನೇರುವರು. ಒಬ್ಬನು ಜ್ವರದಿಂದ ಸಾಯುವನು, ಇನ್ನೊಬ್ಬನು ಮನೆಗೆ ಹಿಂದಿರುಗುವುದಿಲ್ಲ. ಕೊನೆಗೆ ಮಗಳಾದ ಬೆಳ್ಳಿಯು ಹೋಗಬೇಕಾಗುತ್ತದೆ. ಅಲ್ಲಿ ಋಣವು ಪರಿಹಾರವಾದ ಬಗೆಯು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲಾಗದ್ದು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಘಟ್ಟದ ಕೆಳಗಿನ ಆಳುಗಳ ಮುಖಂಡನಾದ ಸೇರೆಗಾರನು ಒಂದು ಮುಖ್ಯ ಪಾತ್ರ. ಒಂದು ಕೃತಿಯು ಕೆಳಗಿನಿಂದ ಘಟ್ಟವನ್ನು ನೋಡಿದರೆ ಇನ್ನೊಂದು ಮೇಲಿನಿಂದ ನೋಡಿದೆ. ಈ ಎರಡನ್ನೂ ತರಗತಿಯಲ್ಲಿ ಜೊತೆಯಾಗಿ ಓದಿಸುವ ಉಪಾಧ್ಯಾಯರಿಗೆ, ಸಾಲವೆಂಬುದು ಕಥೆಯ ಹಿನ್ನೆಲೆಯಾಗಿರದೆ ಅದರ ಚಾಲಕಶಕ್ತಿಯೇ ಆಗಿರುವುದು ಕಂಡುಬರುವುದು.

ಆದರೆ ಇದರಿಂದ ತೋಟಗಾರರೆಲ್ಲ ಸುಖಿಗಳಾಗಿದ್ದರೆಂದು ತಿಳಿಯಬಾರದು. ಕಾಂಡಕೊರಕವೂ ಎಲೆತುಕ್ಕೂ 19ನೆಯ ಶತಮಾನದ ಉತ್ತರಾರ್ಧದಲ್ಲಿ ತೋಟಗಳನ್ನು ಹಾಳುಮಾಡಿದವು. ಶತಮಾನದ ಕೊನೆಯಲ್ಲಿ ಬ್ರೆಜಿಲಿನ ಕಾಫಿಯಿಂದ ಬೆಲೆ ಬಿದ್ದಿತು. 1929ರಿಂದ ಜಗತ್ತಿನ ಆರ್ಥಿಕ ಕುಸಿತವು ಬಂದಿತು. ಮೇಲಿನಿಂದ ಕೆಳಗಿನವರೆಗೆ ಒಂದು ಸರಪಳಿ: ಕಂಪೆನಿಗೆ ತೋಟಗಾರನು ಸಾಲಗಾರ, ತೋಟಗಾರನಿಗೆ ಮೇಸ್ತ್ರಿಯು ಸಾಲಗಾರ, ಮೇಸ್ತ್ರಿಗೆ ಆಳು ಸಾಲಗಾರ. ಪರದೇಶದಲ್ಲಿ ಬೆಲೆ ಬಿದ್ದರೆ ಅದರ ಭಾರವು ಸರಪಳಿಯ ಕೊನೆಯ ಕೊಂಡಿಯ ಮೇಲೆ ಬೀಳುತ್ತಿದ್ದಿತು.

ಈ ಸರಪಳಿಯನ್ನು ಬಿಡಿಸಲು ನಡೆದ ಪ್ರಯತ್ನಗಳಲ್ಲಿ ಮುಖ್ಯವಾದುದು ಸಹಕಾರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ, 1894ರಲ್ಲಿ, ಮೈಸೂರು ಸರ್ಕಾರವು ವ್ಯವಸಾಯದ ಬ್ಯಾಂಕುಗಳ ಯೋಜನೆಯೊಂದನ್ನು ಆರಂಭಿಸಿದ್ದಿತು, ಅದು ಬಾಳಲಿಲ್ಲ. ಜರ್ಮನಿಯಲ್ಲಿ ರೈಫೈಸೆನ್ ಎಂಬಾತನು ತೋರಿಸಿದ ಮಾರ್ಗವನ್ನನುಸರಿಸಿ 1904ರಲ್ಲಿ ಬ್ರಿಟಿಷ್ ಇಂಡಿಯದಲ್ಲಿಯೂ, 1905ರಲ್ಲಿ ಮೈಸೂರಿನಲ್ಲಿಯೂ ಸಹಕಾರದ ಕಾನೂನುಗಳಾದವು. ಅದೇ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿದರು. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ದಕ್ಷಿಣ ಕನ್ನಡದ ಸಹಕಾರಕ್ಕೆ ತಳಹದಿಯನ್ನು ಹಾಕಿದರು. ಗ್ರಾಮಸಂಘದ ಮೂಲತತ್ತ್ವವು ಅಪರಿಮಿತ ಹೊಣೆಗಾರಿಕೆ: ಒಬ್ಬನು ಪಡೆದ ಸಾಲಕ್ಕೆ ಎಲ್ಲರೂ ಹೊಣೆ. ಪರಸ್ಪರ ಗುಣವನ್ನು ಬಲ್ಲವರೇ ಒಬ್ಬರಿಗೊಬ್ಬರು ಸಾಲಕೊಡಬಲ್ಲರೆಂಬ ಈ ಭಾವನೆಯು ನಮ್ಮ ಕೈಗಡದ ಭಾವನೆಯೇ. ಅದಕ್ಕೆ ಪುಸ್ತಕವೂ ಕಾನೂನೂ ಕೂಡಿದುದೇ ಹೊಸತು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳೂ (1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ, 1925ರಲ್ಲಿ ಸಿಂಡಿಕೇಟ್) ಮೊದಮೊದಲು ಪರಿಚಿತರ ಹಣವನ್ನೇ ಒಟ್ಟುಗೂಡಿಸಿ ಬೆಳೆದವು. ಇದೇ ಜಿಲ್ಲೆಯ ಊರೊಂದರ ಹೆಸರನ್ನು ಹೊತ್ತಿದ್ದ ಶೃಂಗೇರಿ ಶಾರದಾ ಬ್ಯಾಂಕು 1960ರಲ್ಲಿ ಕರ್ನಾಟಕ ಬ್ಯಾಂಕಿನಲ್ಲಿ ಲೀನವಾಯಿತು.

ಆದರೂ ಫಲವು ಬಹುಕಾಲ ಅಲ್ಪವಾಗಿಯೇ ಇದ್ದಿತು. ರಿಸರ್ವ್ ಬ್ಯಾಂಕು 1951-52ರಲ್ಲಿ ನಡಸಿದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ ರೈತರ ಸಾಲದೊಳಗೆ ಸಹಕಾರಸಂಘಗಳ ಪಾಲು ನೂರಕ್ಕೆ ಸುಮಾರು 3, ಲೇವಾದೇವಿಗಾರರ ಪಾಲು ಸುಮಾರು 70, ನೆಂಟರಿಷ್ಟರ ಪಾಲು ಸುಮಾರು 14 ಎಂದು ತಿಳಿದುಬಂದಿತು. ನೆಂಟರ ಕೈಗಡವು ಸಹಕಾರಸಂಘಕ್ಕಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿದ್ದಿತು! ಕಾಫಿಯ ಸೀಮೆಯಲ್ಲಿ ಇನ್ನೊಂದು ತೊಡಕೂ ಇದ್ದಿತು. ವ್ಯವಸಾಯ ಸಹಕಾರಸಂಘದ ಸಾಲಕ್ಕೆ ಆಧಾರವು ಪಹಣಿ. ತೋಟದ ಲೈನಿನಲ್ಲಿ ವಾಸಿಸುವ ಆಳಿಗೆ ಪಹಣಿಯೆಲ್ಲಿಯದು? ಬೆಳೆಗಾರನಿಗೆ 1942ರ ಕಾನೂನಿನ ಮೂಲಕ ಕಾಫಿ ಮಂಡಲಿಯ ಆಶ್ರಯವು ದೊರೆಯಿತು. ಮಂಡಲಿಯು ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರಿ ಕಂತುಕಂತಾಗಿ ಹಣ ಕೊಡುವ ಕ್ರಮವು 1996ರವರೆಗೆ ನಡೆಯಿತು. ಆ ಮೇಲೆ ಬೆಲೆ ಕುಸಿದಾಗ ಸಣ್ಣ ಬೆಳೆಗಾರರಿಗಾಗಿ 2010ರಲ್ಲಿ ಕೇಂದ್ರ ಸರ್ಕಾರವು ಸಾಲಪರಿಹಾರವನ್ನೂ ಘೋಷಿಸಿತು. ಆಳಿಗೆ ಮಾತ್ರ ಮೇಸ್ತ್ರಿ, ಅಂಗಡಿಯ ಉದ್ರಿ, ಚೀಟಿ ಇವೇ ಗತಿಯಾಗಿದ್ದವು. ಜೀತಪದ್ಧತಿಯನ್ನು ನಿಷೇಧಿಸಿದ 1976ರ ಕಾನೂನು ದೇಹವನ್ನು ಸಾಲದಿಂದ ಬಿಡಿಸಿತು. ಮಳೆಗಾಲದ ಅಕ್ಕಿಗೆ ಹಣವೆಲ್ಲಿಂದ ಎಂಬ ಪ್ರಶ್ನೆಯನ್ನು ಅದು ಬಿಡಿಸಲಿಲ್ಲ.

ಆ ಪ್ರಶ್ನೆಗೆ ಉತ್ತರವು ಸ್ತ್ರೀಯರಿಂದ ಬಂದುದು ಗಮನಾರ್ಹವಾಗಿದೆ. 1980ರ ದಶಕದಲ್ಲಿ ಮೈರಾಡಾ ಸಂಸ್ಥೆಯು ಕರ್ನಾಟಕದಲ್ಲಿ ಸ್ವಸಹಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸಿತು. ಮೂಡಿಗೆರೆಯಿಂದ ಘಟ್ಟವಿಳಿದರೆ ಸಿಕ್ಕುವ ಬೆಳ್ತಂಗಡಿಯಲ್ಲಿ 1982ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಮುಂದೆ ಮಲೆನಾಡಿಗೂ ಹಬ್ಬಿತು. 2000ದಲ್ಲಿ ರಾಜ್ಯಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. ಹತ್ತಿಪ್ಪತ್ತು ಹೆಂಗಸರು ವಾರವಾರ ಕೂಡಿ, ಉಳಿತಾಯವನ್ನು ಒಟ್ಟುಮಾಡಿ, ಯಾರಿಗೆ ಮೊದಲು ಸಾಲವೆಂದು ತಾವೇ ತೀರ್ಮಾನಿಸುವ ಈ ಕ್ರಮದಲ್ಲಿ ಪಹಣಿ ಬೇಕಿಲ್ಲ. ಲೆಕ್ಕದ ಪುಸ್ತಕವು ಸಾಲ ಪಡೆಯುವವರ ಕೈಯಲ್ಲಿಯೇ ಇರುತ್ತದೆ. ಆದರೆ ಗುಂಪಿನ ಹೊಣೆಗಾರಿಕೆಯೆಂಬ ಇದೇ ಉಪಾಯವನ್ನು ಲಾಭಕ್ಕಾಗಿ ಸಾಲಕೊಡುವ ಹೊರಗಿನವರು ಹಿಡಿದುಕೊಂಡಾಗ ಅದು ಬೇರೆ ರೂಪವನ್ನು ತಾಳುತ್ತದೆ. ಆಗ ನೆರೆಯವಳು ನೆರೆಯವಳಿಗೆ ವಸೂಲಿಗಾರಳಾಗುವಳು. ಕುಯ್ಲಿನ ಕಾಲದಲ್ಲಿ ಸುಲಭವಾದ ವಾರದ ಕಂತು, ಕೂಲಿಯಿಲ್ಲದ ಆಷಾಢದಲ್ಲಿ ಕುತ್ತಿಗೆಗೆ ಉರುಲಾಗುವುದು. ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯವು 2025ರಲ್ಲಿ ಕಿರುಸಾಲಗಳ ವಿಷಯದ ಕಾನೂನನ್ನೇ ತರಬೇಕಾಯಿತು.

ಇಷ್ಟರಿಂದ ನಾವು ಹೊಂದಬಹುದಾದ ಸಿದ್ಧಾಂತವೇನೆಂದರೆ: ಸಾಲವನ್ನು ತಮ್ಮವರೇ ಕೊಟ್ಟರೆಂಬ ಮಾತ್ರಕ್ಕೆ ಅದು ಕೈಗಡವಾಗುವುದಿಲ್ಲ. ಮೇಸ್ತ್ರಿಯೂ ತಮ್ಮವನೇ ಆಗಿದ್ದನು. ಲೆಕ್ಕದ ಪುಸ್ತಕವು ಯಾರ ಕೈಯಲ್ಲಿದೆ, ತೀರಿಸುವ ಕಾಲವು ಬೆಳೆಯ ಕಾಲಕ್ಕೆ ಹೊಂದಿದೆಯೆ, ಋಣಕ್ಕೆ ಒಂದು ಮೇರೆಯುಂಟೆ ಎಂಬ ಮೂರು ಪ್ರಶ್ನೆಗಳಿಂದಲೇ ಸಾಲದ ಸ್ವರೂಪವನ್ನು ನಿರ್ಣಯಿಸಬೇಕು. ಮೂರನೆಯದನ್ನು ವಿಜ್ಞಾನೇಶ್ವರನ ಕಾಲವು ಬಲ್ಲದ್ದಾಗಿತ್ತು; ಎರಡನೆಯದನ್ನು ಭತ್ತದ ಕಣಜದವರು ಬಲ್ಲವರಾಗಿದ್ದರು; ಮೊದಲನೆಯದನ್ನು ಕಲಿಸಿದುದು ಅಕ್ಷರ ಕಲಿತ ಹೆಣ್ಣುಮಕ್ಕಳು.

ಹಳೆಯ ತೋಟಗಳ ಅಟ್ಟಗಳಲ್ಲಿ ಚೆಕ್‌ರೋಲ್‌ಗಳೂ, ಮೇಸ್ತ್ರಿಗಳ ಮುಂಗಡದ ಪುಸ್ತಕಗಳೂ ಗೆದ್ದಲಿಗೆ ಆಹಾರವಾಗುತ್ತಿವೆ. ಶಿಲಾಶಾಸನಗಳನ್ನು ಅಚ್ಚೊತ್ತಿ ಕಡೂರು ಜಿಲ್ಲೆಯ ಸಂಪುಟವನ್ನು 1901ರಲ್ಲಿಯೇ ರೈಸ್ ಸಾಹೇಬರು ಪ್ರಕಟಿಸಿದರು. ಕಾಗದದ ಶಾಸನಗಳಿಗೂ ಅಂತಹ ಒಂದು ಸಂಪುಟವು ಬೇಕು. ಅರಸರ ಹೆಸರುಗಳಿಗೆ ಬದಲಾಗಿ ಅದರಲ್ಲಿ ಹೆಬ್ಬೆಟ್ಟಿನ ಗುರುತುಗಳಿರುವುವು. ಈ ಸೀಮೆಯ ಚರಿತ್ರೆಗೆ ಅವೂ ಅಂಕಿತಗಳೇ.